ಹೂವಪ್ಪ ಕೆತ್ತಿದ ಮೆದುಳು

ಹಠ ಅಂದ್ರೆ ನಮ್ಮಣ್ಣ ಹೂವಪ್ಪಂದೇ ಹಠ. ಗಂಡ ತೀರ್ಕೊಂಡ ಮೇಲೆ ಈ ಅಣ್ಣನ ಮನೇಲೇ ಇದ್ದವಳು ನಾನು, ಎಲ್ಲಾ ಅನುಭವಿಸೀನಿ. ಸೊರಬದ ಗುಡಿಗಾರರಲ್ಲಿ ಗಂಧದ ಮರದ ಮೇಲೆ ಬಳ್ಳಿ ಕೆತ್ತೋಕೆ ಅವನೇ ಸೈ ಅಂತ ಹೆಸರಿತ್ತು. ಬಲಗಡೆ ಎಲೆ ಹೇಗೋ ಎಡಗಡೆದೂ ಹಾಗೇ, ಕೂದಲೆಳೆ ವ್ಯತ್ಯಾಸ ಇಲ್ಲ. ಐವತ್ತಾರರಲ್ಲಿ ಲಕ್ವ ಹೊಡೀತು. ಸೊಟ್ಟಗಾಗಿದ್ದ ಬಾಯಿ ಆಮೇಲೆ ನೆಟ್ಟಗಾಯ್ತು, ಬಲಗೈ ಮಾತ್ರ ಉಳಿ ಹಿಡಿದ್ರೆ ನಡುಗೋದು. ಎರಡು ವರ್ಷ ಯಾರೂ ಕೆಲಸ ಕೊಡಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಇವನು ನನ್ನ ಮೇಲೆ ರೇಗ್ತಿದ್ದ.

ಆಗ ಶಿಕಾರಿಪುರದಿಂದ ವಿಜ್ಞಾನದ ಮೇಷ್ಟ್ರು ಗಂಗಾಧರಪ್ಪ ಬಂದ್ರು. ಪುಸ್ತಕದಲ್ಲಿ ಮೆದುಳಿನ ಚಿತ್ರ ತೋರಿಸಿ, "ಮಕ್ಕಳು ಮುಟ್ಟಿ ನೋಡೋ ಹಂಗೆ ಮರದಲ್ಲೊಂದು ಮಾಡ್ಕೊಡ್ರೀ" ಅಂದ್ರು. ಮೇಲೆಲ್ಲ ಮಡಿಕೆ, ದಿಣ್ಣೆ, ಸಂದು. ನನಗಂತೂ ಶಾವಿಗೆ ಉಂಡೆ ಕಂಡಂಗಾಯ್ತು.

"ಅಡೀಲಿ ನನ್ನ ಹೆಸರು ಕೆತ್ತಲಾ?" ಅಂತ ಅಣ್ಣ ಕೇಳಿದ. ಮೇಷ್ಟ್ರು ಹೂಂ ಅಂದ್ರು. ಹೂವಪ್ಪನ ಕೈ ಸತ್ತಿಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕಿತ್ತು, ಅಷ್ಟೇ ಅವನಿಗೆ ಬೇಕಿದ್ದದ್ದು.

ಶಿವನೆ ಮರದ ತುಂಡು ತಗೊಂಡು ಮೊದಲು ಹೆಸರೇ ಕೆತ್ತಿದ, ನೋಡಿ ಅವಸರ. ಆಮೇಲೆ ಮಡಿಕೆ ಶುರು ಮಾಡಿದ್ರೆ ಕೈ ಕೇಳಬೇಕಲ್ಲ. ಒಂದು ಮಡಿಕೆ ಅರ್ಧಕ್ಕೇ ತಿರುಗಿ ಇನ್ನೊಂದರೊಳಗೆ ನುಗ್ಗಿತು. ಮುಗಿಸೋ ತನಕ ನಡುಗಿ ನಡುಗಿ ಕೆತ್ತಿ, ನೋಡಿ, ಸೌದೆ ರಾಶಿಗೆ ಎಸೆದ.

ಎರಡನೇದನ್ನ ಎಡಗೈಲಿ ಮಾಡಿದ. ಮೂರು ತಿಂಗಳು, ಊಟಕ್ಕೆ ಕರೆದ್ರೂ ಬೈಗುಳ. ಎರಡೂ ಕಡೆ ಒಂದೇ ಅಚ್ಚಿನ ಹಾಗೆ ಬಂತು. ಅಣ್ಣನ ಮುಖದಲ್ಲಿ ಎಷ್ಟೋ ದಿನಕ್ಕೆ ನಗು ಕಂಡೆ.

ಮೇಷ್ಟ್ರು ನೋಡಿ ಮುಖ ಸಣ್ಣ ಮಾಡಿದ್ರು. "ಚೆಂದ ಇದೆ ಹೂವಪ್ಪ. ಆದ್ರೆ ಇದು ಬಾಗಿಲಿಗೆ ಕೆತ್ತೋ ಬಳ್ಳಿ ಹಂಗಾಯ್ತು. ಮೆದುಳಿನ ಮಡಿಕೆ ಎರಡು ಕಡೆ ಹೀಗೆ ಪಡಿಯಚ್ಚು ಇರಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಸೌದೆಯಿಂದ ಆ ಸೊಟ್ಟದ್ದನ್ನ ಎಳೆದು ತಂದು, "ಹಾಗಾದ್ರೆ ಇದನ್ನೇ ತಗೊಂಡು ಹೋಗ್ರೀ" ಅಂತ ಮುಂದಿಟ್ಟೆ.

ಮೇಷ್ಟ್ರು ಅದನ್ನ ತಿರುಗಿಸಿ ತಿರುಗಿಸಿ ನೋಡಿದ್ರು. "ಬಸಕ್ಕ, ಇದೇ ಕಣಮ್ಮ. ಬೇಕಂತ ಮಾಡಿದ್ರೂ ಹಿಂಗೆ ಬರಲ್ಲ. ಹೆಸರೂ ಇದೆ."

ಅಣ್ಣ ಅದನ್ನ ಅವರ ಕೈಯಿಂದ ತಗೊಂಡು, ಉಳಿ ಹಾಕಿ ಹೆಸರು ಕೆರೆದ. ಪೂರ್ತಿ ಹೋಗೋ ತನಕ ಕೆರೆದು ವಾಪಸ್ ಕೊಟ್ಟ.

"ಇದು ನಾನು ಕೆತ್ತಿದ್ದಲ್ಲ ಮೇಷ್ಟ್ರೇ, ಲಕ್ವ ಕೆತ್ತಿದ್ದು" ಅಂದ.

ಆಮೇಲೆ ಅವನು ಉಳಿ ಮುಟ್ಟಲಿಲ್ಲ. ಆ ತುಂಡನ್ನ ಸೌದೆಯಿಂದ ಎಳೆದವಳು ನಾನು.