ಮಾದೇವಣ್ಣನ ಮೇಲೆ ಸ್ಪೀಡ್ ಕೇಸು

ನಾನು ಮದುವೆಯ ಸೀರೆಯನ್ನು ಎತ್ತಿಟ್ಟುಕೊಂಡಿರುವ ಹಾಗೆ ಮಾದೇವಣ್ಣ ತನ್ನ ಜೀಪಿನ ನಾಲ್ಕನೇ ಗೇರನ್ನು ಎತ್ತಿಟ್ಟುಕೊಂಡಿದ್ದ. ಇದೆ ಅಂತ ಗೊತ್ತು, ಯಾವತ್ತಾದರೂ ಬೇಕಾದೀತು ಅಂತಲೂ ಗೊತ್ತು, ಆದರೆ ಅದನ್ನು ಹೊರಗೆ ತೆಗೆದದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಗುಂಡ್ಲುಪೇಟೆಯಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಭಕ್ತಾದಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರುವುದು ಅವನ ಜೀವನ. ಬೇರೆ ಜೀಪಿನವರು ಎರಡು ಸಲ ಹತ್ತಿ ಇಳಿಯುವಷ್ಟರಲ್ಲಿ ಇವನು ಒಂದು ಸಲ ಹತ್ತಿರುತ್ತಿದ್ದ.

ನಮ್ಮ ಅತ್ತೆ ಬೆಟ್ಟದ ಬುಡದಲ್ಲಿ ಜಪ ಶುರು ಮಾಡಿ, ಮುಗಿಸಿ, ಒಂದು ನಿದ್ದೆ ತೆಗೆದು, ಎದ್ದು, "ಮಾದೇವ, ದೇವರು ಇನ್ನೂ ಅಲ್ಲೇ ಇದ್ದಾನೇನಪ್ಪ?" ಎಂದು ಕೇಳುತ್ತಿದ್ದರು.

"ಅಲ್ಲೇ ಇರ್ತಾನೆ ಬುಡವ್ವ. ಅವನೇನು ಬಸ್ಸಾ, ಬುಟ್ಟೋಗಕ್ಕೆ?" ಎನ್ನುತ್ತಿದ್ದ ಮಾದೇವಣ್ಣ.

ಒಂದು ಸಲ ತಿರುವಿನಲ್ಲಿ ಆನೆ ನಿಂತಿತ್ತು. ಬೇರೆಯವರಾಗಿದ್ದರೆ ಜೀಪನ್ನು ಹಿಂದಕ್ಕೆ ಹೊಡೆಯುತ್ತಿದ್ದರು, ಇಲ್ಲವೇ ಹಾರನ್ ಬಾರಿಸಿ ನಮ್ಮೆಲ್ಲರ ಕಥೆ ಮುಗಿಸುತ್ತಿದ್ದರು. ಮಾದೇವಣ್ಣ ಎಂಜಿನ್ ಆರಿಸಿದ, ಚಪ್ಪಲಿ ಬಿಟ್ಟ, ಸ್ಟೇರಿಂಗ್ ಮೇಲೆಯೇ ಕೈ ಮುಗಿದ. "ನೀವು ಮೊದ್ಲು ಓಗಿ ಸ್ವಾಮಿ, ನಮ್ಗೇನು ಅರ್ಜೆಂಟಿಲ್ಲ" ಅಂದ. ಹಿಂದೆ ಕೂತಿದ್ದ ಮೈಸೂರಿನವರಿಗೆ ಅರ್ಜೆಂಟಿತ್ತು. ಆನೆ ಪುರುಸೊತ್ತಿನಲ್ಲಿ ಬಿದಿರು ಮುರಿದು ತಿಂದು ಕಾಡಿಗಿಳಿಯುವ ಹೊತ್ತಿಗೆ ಮೇಲೆ ಮಂಗಳಾರತಿ ಮುಗಿದಿತ್ತು. ಅವರು ದಾರಿಯುದ್ದಕ್ಕೂ ಗೊಣಗಿದರು. ನನಗಂತೂ ಜೀವ ಇಟ್ಟುಕೊಂಡು ಮನೆ ಸೇರಿದ್ದೇ ಅವತ್ತಿನ ಪ್ರಸಾದ.

ಇಂಥ ಮನುಷ್ಯನ ಲೈಸೆನ್ಸಿನ ಅವಧಿ ಮುಗಿಯಿತು. ಅದು ಹಳೇ ಕಾಲದ ಪುಸ್ತಕದಂಥ ಲೈಸೆನ್ಸು, ಬೆವರಿಗೆ ನೆಂದು ಹಪ್ಪಳವಾಗಿತ್ತು. ಇನ್ನು ಮೇಲೆ ಎಲ್ಲ ಕಂಪ್ಯೂಟರಿನಲ್ಲಿ, ಪುಸ್ತಕದ ಬದಲು ಕಾರ್ಡು ಕೊಡುತ್ತಾರೆ ಎಂದು ಸುದ್ದಿ ಇತ್ತು. ಚಾಮರಾಜನಗರಕ್ಕೆ ಹೋಗಿ ಮಾಡಿಸಬೇಕು. ಅಲ್ಲಿಯ ದೇವಸ್ಥಾನಕ್ಕೆ ನನ್ನದೊಂದು ಹರಕೆ ಬಾಕಿ ಇದ್ದದ್ದರಿಂದ, ಅವನೂ ಅವನ ಹೆಂಡತಿ ಪುಟ್ಟಕ್ಕನೂ ಹೊರಟಾಗ ನಾನೂ ಜೊತೆಗೆ ಬಸ್ಸು ಹತ್ತಿದೆ.

ಕಚೇರಿಯ ಕಿಟಕಿಯ ಹಿಂದೆ ಮಲ್ಲಿಗೆ ಮುಡಿದ ಒಬ್ಬ ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಒತ್ತಿದಳು. ಪರದೆಯನ್ನು ನೋಡಿದಳು, ಮಾದೇವಣ್ಣನನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು.

"ಯಜಮಾನ್ರೇ, ನಿಮ್ಮ ಲೈಸೆನ್ಸ್ ಸಸ್ಪೆಂಡ್ ಆಗಿದೆಯಲ್ಲ. ಅತಿ ವೇಗ ಅಂತ ಕೇಸು. ಅರಿಶಿನ ತುಂಬಿದ ಎತ್ತಿನಗಾಡಿಗೆ ಗುದ್ದಿದ್ದೀರ."

ನಾನೂ ಪುಟ್ಟಕ್ಕನೂ ಮುಖ ಮುಖ ನೋಡಿಕೊಂಡೆವು. ಮಾದೇವಣ್ಣ ಎತ್ತಿನಗಾಡಿಗೆ ಗುದ್ದಬೇಕಾದರೆ ಗಾಡಿಯೇ ಹಿಂದಕ್ಕೆ ಬರಬೇಕಿತ್ತು.

"ನಾನಲ್ಲ ಕಣವ್ವ ಅದು" ಅಂದ ಅವನು.

"ಹೆಸರು ಮಹದೇವಸ್ವಾಮಿ, ತಂದೆ ಮಹದೇವಪ್ಪ. ಹುಟ್ಟಿದ್ದು ಜೂನ್ ಒಂದು, ವರ್ಷವೂ ಅದೇ. ವಿಳಾಸ ಮಾತ್ರ ಉಡಿಗಾಲ ಅಂತಿದೆ."

ಆ ಹುಡುಗಿಯೇ ಬಿಡಿಸಿ ಹೇಳಿದಳು. ಮೊದಲು ಒಂದೊಂದು ಕಚೇರಿಯ ಲೆಕ್ಕ ಆಯಾ ಕಚೇರಿಯ ಬೀರುವಿನಲ್ಲೇ ಇರುತ್ತಿತ್ತು. ಒಬ್ಬನೇ ಎರಡು ಕಡೆ ಲೈಸೆನ್ಸು ಮಾಡಿಸಿಕೊಂಡು, ಪೊಲೀಸರು ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ತೋರಿಸಿ ಓಡಾಡುತ್ತಿದ್ದ. ಈಗ ಬೇರೆ ಕಚೇರಿಯಲ್ಲಿ ಬರೆದದ್ದೂ ಇಲ್ಲಿ ಕಾಣುತ್ತದೆ, ಅಂಥವರು ಸಿಕ್ಕಿಬೀಳುತ್ತಾರೆ.

ಸಿಕ್ಕಿಬಿದ್ದವನು ನಮ್ಮ ಮಾದೇವಣ್ಣ. ತಪ್ಪು ಕಂಪ್ಯೂಟರಿನದೂ ಅಲ್ಲ. ನಮ್ಮದು ಮಾದಪ್ಪನ ಸೀಮೆ. ಹರಕೆ ಹೊತ್ತು ಹುಟ್ಟಿದ ಗಂಡಿಗೆಲ್ಲ ಆ ದೇವರ ಹೆಸರೇ, ಅವರಪ್ಪನಿಗೂ ಅದೇ. ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲ. ಕೈಯನ್ನು ತಲೆಯ ಮೇಲಿಂದ ತಂದು ಆಚೆ ಕಿವಿ ಮುಟ್ಟಿದರೆ ಮೇಷ್ಟ್ರು ಜೂನ್ ಒಂದು ಎಂದು ಬರೆದು ಒಂದನೇ ಕ್ಲಾಸಿಗೆ ಕೂರಿಸಿಕೊಳ್ಳುತ್ತಿದ್ದರು. ಹೀಗೆ ಒಂದೇ ದಿನ ಹುಟ್ಟಿದ ಮಹದೇವಸ್ವಾಮಿಗಳನ್ನು ಆ ಯಂತ್ರ ಹೇಗೆ ಬೇರೆ ಮಾಡೀತು?

ಪುಟ್ಟಕ್ಕನಿಗೆ ಇದೊಂದೂ ಕಿವಿಗೆ ಬಿದ್ದಿರಲಿಲ್ಲ. "ಉಡಿಗಾಲ್ದಲ್ಲಿ ಯಾರವ್ಳೆ?" ಅಂದಳು.

"ಯಾರೂ ಇಲ್ಲ ಕಣಮ್ಮಿ."

"ಇಲ್ದೆ ಇದ್ರೆ ವಿಳಾಸ ಎಂಗ್ ಬಂತು? ಮಿಷಿನ್ನು ಸುಳ್ ಯೋಳ್ತದಾ?"

ಮಾದೇವಣ್ಣ ಕಿಟಕಿಯೊಳಕ್ಕೆ ಬಗ್ಗಿ, ದನಿ ತಗ್ಗಿಸಿ ಕೇಳಿದ: "ಎಷ್ಟ್ ಸ್ಪೀಡಲ್ಲಿದ್ನಂತೆ ಕಣವ್ವ ನಾನು?"

ಅಧಿಕಾರಿಗಳು ಒಳ್ಳೆಯವರೇ. "ಆ ಇನ್ನೊಬ್ಬರು ಇದ್ದರೆ ಕರೆದುಕೊಂಡು ಬನ್ನಿ. ಇಬ್ಬರೂ ಒಟ್ಟಿಗೆ ನನ್ನ ಮುಂದೆ ನಿಂತರೆ ಕಾರ್ಡು ಕೊಡುತ್ತೇನೆ, ಇಲ್ಲದಿದ್ದರೆ ಕೊಡಲಾಗದು" ಅಂದರು.

ಸುದ್ದಿ ನಮಗಿಂತ ಮೊದಲು ಗುಂಡ್ಲುಪೇಟೆ ಸೇರಿತ್ತು. ಸ್ಟ್ಯಾಂಡಿನ ಡ್ರೈವರುಗಳು "ಯಾರ್ಲಾ ಅದು, ರೇಸ್ ಮಾದೇವನಾ? ದಾರಿ ಬುಡ್ರಲಾ" ಎಂದು ಕಾಡಿಸಿದರು. ಇವನಾದರೂ ನಾನಲ್ಲ ಅನ್ನಬೇಕಲ್ಲ. ಟೀ ಲೋಟ ಕೆಳಗಿಟ್ಟು, "ಏನೋ ಆಗೋಯ್ತು ಬುಡ್ಲಾ, ಕೈ ತಡೀನಿಲ್ಲ" ಅನ್ನುತ್ತಿದ್ದ. ಮೀಸೆಗೂ ಒಂಚೂರು ಎಣ್ಣೆ ಬಿತ್ತು.

ಶ್ರಾವಣ ಬಂದಾಗ ಮೀಸೆ ಇಳಿಯಿತು. ಬೆಟ್ಟಕ್ಕೆ ಜನ ಹರಿದು ಬರುವುದು ಶ್ರಾವಣದ ಶನಿವಾರಗಳಲ್ಲಿ. ವರ್ಷದ ದುಡಿಮೆಯೆಲ್ಲ ಅದರಲ್ಲೇ. ಕಾರ್ಡಿಲ್ಲದೆ ಹೇಗೋ ಓಡಿಸು ಎಂದು ಹೇಳಿದವರಿದ್ದರು. "ಕಳ್ಳತನದಲ್ಲಿ ಬೆಟ್ಟ ಅತ್ತಿ ಆ ದೇವ್ರಿಗೆ ಎಂಗ್ ಕೈ ಮುಗೀಲಿ?" ಅಂದ. ಮೊದಲ ಶನಿವಾರ ಜೀಪಿನ ಮೇಲೆ ಟಾರ್ಪಾಲು ಹೊದಿಸಿ ಜಗುಲಿಯ ಮೇಲೆ ಕೂತು, ಮುಂದೆ ಹೋಗುವ ಒಂದೊಂದು ಜೀಪನ್ನೂ ನೋಡಿದ. ಗೋಡೆಯಾಚೆ ಪುಟ್ಟಕ್ಕನ ಒಗ್ಗರಣೆಯ ಸದ್ದು ಕಡಿಮೆಯಾಗುತ್ತಾ ಬಂತು. ಹೆಂಗಸರಿಗೆ ಅದಕ್ಕಿಂತ ಬೇರೆ ಸುದ್ದಿ ಬೇಕಿಲ್ಲ. ಇನ್ನು ಸುಮ್ಮನಿದ್ದರೆ ಆಗದೆಂದು ಮೂವರೂ ಉಡಿಗಾಲಕ್ಕೆ ಹೊರಟೆವು. ಮಾದೇವಣ್ಣ ಹೊರಟದ್ದು ಕಾರ್ಡಿಗೆ, ನಾನು ಸಾಕ್ಷಿಗೆ, ಪುಟ್ಟಕ್ಕ ಸವತಿಯನ್ನು ನೋಡುವುದಕ್ಕೆ.

ಊರ ಬಾಗಿಲಲ್ಲಿ ಕೇಳಿದರೆ, "ಯಾವ ಮಾದೇವಸ್ವಾಮಿ? ಸೊಸೈಟಿಯವ್ನಾ, ಸೌಂಡ್‌ಸೆಟ್ನವ್ನಾ, ಎತ್ತಿನವ್ನಾ?" ಅಂದರು.

"ಗಾಡಿಗೆ ಗುದ್ದಿದವ್ನು."

"ಓ, ಅದೇ ಎತ್ತಿನವ್ನು. ಕೊನೇ ಮನೆ ನೋಡಿ."

ಕೊನೇ ಮನೆಗೆ ಹೋದದ್ದೇ ಪುಟ್ಟಕ್ಕ ಯಾರನ್ನೂ ಮಾತಾಡಿಸದೆ ಸೀದಾ ಅಡುಗೆಮನೆಗೆ ನುಗ್ಗಿದಳು. ಒಳಗಿದ್ದದ್ದು ಮೊರದಲ್ಲಿ ರಾಗಿ ಕೇರುತ್ತಿದ್ದ ಒಬ್ಬ ಹಣ್ಣು ಮುದುಕಿ. "ಏನ್ ಉಡುಕ್ತಿದ್ದೀಯೆ ಮಗಾ?" ಎಂದು ಕೇಳಿತು. ಪುಟ್ಟಕ್ಕ "ನೀರು" ಅಂದಳು.

ಹಿತ್ತಿಲಿನಿಂದ ಬಂದವರು ಮುದುಕಿಯ ಮಗ. ಉದ್ದಕ್ಕೆ ಕಡ್ಡಿಯ ಹಾಗಿದ್ದರು. ನಮ್ಮ ಮಾದೇವಣ್ಣ ಕುಳ್ಳು, ದುಂಡು. ಗಾಡಿ, ಕೇಸು ಅನ್ನುವ ಮಾತು ಕೇಳಿದ್ದೇ ಅವರ ಮುಖ ಸಣ್ಣದಾಯಿತು. "ಅದು ನಾನಲ್ಲ" ಅಂದುಬಿಟ್ಟರು.

"ನಾನೂ ಅಲ್ಲ ಅಂತಾವ್ನಿ, ನೀನೂ ಅಲ್ಲ ಅಂದ್ರೆ ಗಾಡಿಗೆ ಗುದ್ದಿದ್ದು ಯಾರ್ಲಾ?" ಅಂದ ಮಾದೇವಣ್ಣ.

ಆ ಮನುಷ್ಯ ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲೊಂದು ಬಿಳಿಯ ಎತ್ತು ಮೂರು ಕಾಲಿನ ಮೇಲೆ ಭಾರ ಬಿಟ್ಟು ನಿಂತಿತ್ತು. ಅರಿಶಿನದ ಮಂಡಿಗೆ ಟೆಂಪೋ ಓಡಿಸುವಾಗ ಅವಸರ ಮಾಡಿ ಗುದ್ದಿದ್ದು ಇದಕ್ಕೇ ಅಂತೆ. ಕಾಲು ಮುರಿದ ಎತ್ತನ್ನು ಗಾಡಿಯವನು ಮಾರಲು ಹೊರಟಾಗ ಇವರೇ ಕೊಂಡು ತಂದು ಕಟ್ಟಿಕೊಂಡರಂತೆ. ಅವತ್ತಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ಸಸ್ಪೆಂಡ್ ಆದ ಅವಧಿ ಮುಗಿದು ಎಷ್ಟೋ ಕಾಲವಾಗಿದ್ದರೂ ಲೈಸೆನ್ಸು ಕೇಳಲು ಹೋಗಿಲ್ಲ. ಅದಕ್ಕೇ ಕಂಪ್ಯೂಟರಿನಲ್ಲಿ ಅದು ಸಸ್ಪೆಂಡ್ ಎಂದೇ ಉಳಿದಿತ್ತು.

"ನಾ ಎಲ್ಲಿಗೂ ಬರಲ್ಲ ಕಣಣ್ಣ. ಇವನು ನನ್ ಕೈ ಬುಟ್ಟು ಬ್ಯಾರೆ ಕೈಲಿ ತಿನ್ನಲ್ಲ" ಅಂದರು.

ಮಾದೇವಣ್ಣ ಎತ್ತಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಅದರ ಕೊರಳಡಿ ಜೋಲುವ ಗಂಗೆದೊಗಲು ಸವರಿದ. ಎಷ್ಟೋ ಹೊತ್ತು ಸವರಿದ. ಆಮೇಲೆ ಹೇಳಿದ: "ನಿನ್ ಸ್ಪೀಡ್ನ ಇಷ್ಟ್ ದಿನ ನನ್ ತಲೆ ಮ್ಯಾಲೆ ಒತ್ಕಂಡಿವ್ನಿ ಕಣಪ್ಪ. ಮೊದ್ಲು ಕುಸಿಯಾಗಿತ್ತು, ಸುಳ್ಯಾಕೆ. ಈಗ ಇವನ್ನ ನೋಡುದ್ಮೇಲೆ ಒರಕ್ಕಾಗಲ್ಲ. ಒಂದಿನ ಬಂದು ನಿಂದ ನೀನು ಇಸ್ಕ."

ಅವರು ಎತ್ತಿನ ಕಡೆ ನೋಡಿದರು. ಹಿಂದಿನಿಂದ ಪುಟ್ಟಕ್ಕನ ದನಿ ಬಂತು. "ಎತ್ತ ನಾ ನೋಡ್ಕತೀನಿ. ಓಗ್ಬುಟ್ಟು ಬನ್ನಿ ನೀವು."

ಚಾಮರಾಜನಗರದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ನಾನು ಪಕ್ಕದ ಸೀಟಿನಲ್ಲಿ. ಮುಂದೆ ಕುರಿಯೋ ಸೈಕಲ್ಲೋ ಕಂಡಾಗಲೆಲ್ಲ ಮಾದೇವಣ್ಣನ ಬಲಗಾಲು ಬ್ರೇಕು ಒತ್ತುತ್ತಿತ್ತು. ರಸ್ತೆ ಖಾಲಿ ಕಂಡರೆ ಉಡಿಗಾಲದವರ ಕಾಲು ಅವರಿಗೇ ಗೊತ್ತಿಲ್ಲದೆ ಎಕ್ಸಲೇಟರ್ ಒತ್ತುತ್ತಿತ್ತು. ಇವರಿಬ್ಬರೂ ಒಬ್ಬನೇ ಎಂದ ಆ ಕಂಪ್ಯೂಟರನ್ನು ತಂದು ಈ ಬಸ್ಸಿನಲ್ಲಿ ಕೂರಿಸಬೇಕಿತ್ತು ಅಂದುಕೊಂಡೆ.

ಕಚೇರಿಯ ಹೊರಗೆ ಮರದ ಕೆಳಗಿದ್ದ ನೋಟರಿಯವರು ಒಂದು ಅಫಿಡವಿಟ್ ಬರೆದುಕೊಟ್ಟರು. ಅವನು ನಾನಲ್ಲ ಎಂದು ಇವನು, ಇವನು ನಾನಲ್ಲ ಎಂದು ಅವನು, ದೇವರ ಮೇಲೆ ಪ್ರಮಾಣ ಮಾಡಿದ್ದು. ಸಾಕ್ಷಿಯಾಗಿ ನಾನು ರುಜು ಹಾಕಿದೆ. ಅಧಿಕಾರಿಗಳು ಉದ್ದದವರನ್ನೂ ದುಂಡಗಿನವನನ್ನೂ ನೋಡಿ ನಗು ತಡೆದುಕೊಂಡು ಕಾಗದಕ್ಕೆ ಸಹಿ ಹಾಕಿದರು. "ನಿಮ್ಮ ಸಸ್ಪೆಂಡಿನ ಅವಧಿಯೂ ಮುಗಿದಿದೆ, ಲೈಸೆನ್ಸ್ ತಗೊಂಡು ಹೋಗಿ" ಎಂದು ಉಡಿಗಾಲದವರಿಗೆ ಹೇಳಿದರು. ಅವರು ಕೈ ಚಾಚಲಿಲ್ಲ.

"ಇಸ್ಕ ಕಣಪ್ಪ" ಅಂದ ಮಾದೇವಣ್ಣ. "ಓಡ್ಸು, ಬುಡು, ಅದು ನಿನ್ನಿಷ್ಟ. ನಿಂದು ನಿನ್ ತಾವ್ ಇರ್ಲಿ."

ಇಸಿದುಕೊಂಡರು.

ನಾವು ಉಡಿಗಾಲಕ್ಕೆ ಮರಳಿದಾಗ ಎತ್ತು ಪುಟ್ಟಕ್ಕನ ಕೈಯಿಂದ ಹುಲ್ಲು ತಿನ್ನುತ್ತಿತ್ತು. "ಮೊದ್ಲು ಮೂತಿ ತಿರುಗುಸ್ತು. ಒಸಿ ಬೈದೆ, ತಿಂತು" ಅಂದಳು. ಮನೆಯಲ್ಲಿ ಮಾದೇವಣ್ಣನೂ ಹಾಗೇ ಉಣ್ಣುವುದು.

ಕಡೇ ಶನಿವಾರಕ್ಕೆ ಮೊದಲೇ ಕಾರ್ಡು ಕೈಗೆ ಬಂತು. ಆ ಗೋಪಾಲಸ್ವಾಮಿಯ ದಯೆ, ಅಷ್ಟಾದರೂ ಸಿಕ್ಕಿತು. ಅವತ್ತು ಮಂಗಳಾರತಿಗೆ ನಾವು ಎಂದಿನ ಹಾಗೆ ತಡವಾಗಿಯೇ ಹೋದೆವು.

ಕೆಲವು ವರ್ಷ ಕಳೆದ ಮೇಲೆ ಮಾದೇವಣ್ಣ ಜ್ವರವೆಂದು ಮಲಗಿದವನು ಏಳಲಿಲ್ಲ. ತಿಥಿ ಮುಗಿದ ಮಾರನೇ ದಿನ ಪುಟ್ಟಕ್ಕ ನಮ್ಮ ಬಾಗಿಲಿಗೆ ಬಂದು ನಿಂತಳು. "ಬಾರಮ್ಮಿ, ಚಾಮ್ರಾಜ್ನಗರಕ್ಕೆ ಓಗನ. ಇವ್ರು ತೀರೋದ್ರು ಅಂತ ಆ ಮಿಷಿನ್ನು ಉಡಿಗಾಲ್ದವ್ರನ್ನೂ ಸತ್ತೋದ್ರು ಅಂತ ಬರ್ಕಂಡ್ಬುಟ್ರೆ?" ಅಂದಳು. ಅವರಿಗೂ ಹೇಳಿಕಳಿಸಿದೆವು. ಬಿಳಿ ಅಂಗಿ ಹಾಕಿಕೊಂಡು ಬಂದು, ಬದುಕಿರುವುದು ಚೆನ್ನಾಗಿ ಕಾಣಲಿ ಎಂದು ಕಿಟಕಿಯ ಮುಂದೆ ನೆಟ್ಟಗೆ ನಿಂತರು.

ಕಂಪ್ಯೂಟರಿನ ಮುಂದೆ ಅದೇ ಹುಡುಗಿ ಇದ್ದಳು. ಕೊರಳಿಗೆ ತಾಳಿ ಬಂದಿತ್ತು. ನಮ್ಮ ಗುರುತು ಹತ್ತಿ, ವಿಷಯ ಕೇಳಿ, ಮಾದೇವಣ್ಣನ ಹೆಸರು ಒತ್ತತೊಡಗಿದಳು.

"ಇವ್ರು ಬದ್ಕವ್ರೆ ಕಣವ್ವ, ಸರ್ಯಾಗಿ ನೋಡ್ಕೊಂಡು ಒತ್ತು" ಎಂದು ಪುಟ್ಟಕ್ಕ ಉಡಿಗಾಲದವರ ಕಡೆಗೆ ಕೈ ತೋರಿದಳು. ಆಮೇಲೆ, "ನಮ್ಮನೇವ್ರ ಎಸ್ರ ಅಳಿಸ್ಬುಡ್ತೀಯಾ?" ಅಂದಳು.

"ಅಳಿಸಕ್ಕೆ ಬರಲ್ಲಮ್ಮ. ತೀರಿಕೊಂಡರು ಅಂತ ಗುರುತು ಹಾಕ್ತೀನಿ ಅಷ್ಟೆ. ಒಳಗೇ ಇರ್ತಾರೆ."

"ಒಳ್ಗೆ ಅವ್ರ ಎಸ್ರಲ್ಲಿ ಏನ್ ಬರ್ದದೆ? ಓದವ್ವ."

ಹುಡುಗಿ ಪರದೆಯ ಮೇಲೆ ಬೆರಳಿಟ್ಟುಕೊಂಡು ಓದಿದಳು. "ಕೇಸು ಇಲ್ಲ. ಅಪಘಾತ ಇಲ್ಲ. ದಂಡ ಇಲ್ಲ. ಏನೂ ಇಲ್ಲಮ್ಮ."

ಪುಟ್ಟಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಗೆ ಇನ್ನಷ್ಟು ಹತ್ತಿರ ಬಂದಳು.

"ಇನ್ನೊಂದ್ಸಲ ಓದು" ಅಂದಳು.

ನಮ್ಮ ಹಿಂದೆ ಜನ ಬಾಗಿಲಾಚೆವರೆಗೂ ನಿಂತಿದ್ದರು. ಆ ಹುಡುಗಿ ಮೊದಲಿನಿಂದ ಓದಿದಳು.