ಊಟವಲ್ಲವೆಂದು ಉಣಿಸಿದ ಹುಗ್ಗಿ

ಶ್ರಾವಣ ಮುಗಿದ ಮೇಲಿನ ಎರಡನೆಯ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆಗೆ, ಬೆಳಗಾವಿಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದು ನಾನು ನಮ್ಮವ್ವನಿಗೆ ಗೋಧಿ ಹುಗ್ಗಿ ತಿನ್ನಿಸಿದೆ. ಹತ್ತೂವರೆಗೆ ಅವಳಿಗೆ ಆಪರೇಷನ್ ಇತ್ತು. ಹಿಂದಿನ ರಾತ್ರಿ ಹತ್ತರ ನಂತರ ಒಂದು ಗುಟುಕು ನೀರನ್ನೂ ಕೊಡಬೇಡಿ ಎಂದು ನರ್ಸ್ ಎರಡು ಸಲ ಹೇಳಿ ಹೋಗಿದ್ದಳು. ನಾನು ಇದೇ ಊರಿನ ಕ್ಯಾಂಪ್ ಭಾಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೆಯ ತರಗತಿಗೆ ಜೀರ್ಣಕ್ರಿಯೆಯ ಪಾಠ ಮಾಡುವವಳು ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವ ಕಟುಮಾತುಗಳಲ್ಲಿ ನನ್ನ ಪಾಲು ಎಷ್ಟೆಂದು ಪ್ರಾರ್ಥನಾ ಬಳಗದವರಾದ ನಿಮಗೆ ಗೊತ್ತಿರಲಿ.

ಅವ್ವ ಖಾನಾಪುರದ ಆಚೆ ಬೀಡಿ ಊರಿನಲ್ಲಿ ತನ್ನ ಅಕ್ಕನ, ಅಂದರೆ ನಮ್ಮ ದೊಡ್ಡವ್ವನ, ಮನೆಯ ಬಾಜುವಿನಲ್ಲೇ ಇರುತ್ತಾಳೆ. ಪಿತ್ತಕೋಶದಲ್ಲಿ ಕಲ್ಲು. ಎರಡು ವರ್ಷದಿಂದ ಉಂಡ ಮೇಲೆ ಬಲಪಕ್ಕೆ ಹಿಡಿದುಕೊಂಡು ಕೂಡುತ್ತಿದ್ದಳು. ಖಾನಾಪುರದಲ್ಲಿ ಎರಡು ಸಲ ಸಲೈನ್ ಹಾಕಿಸಿದ ಮೇಲೆ ಅಲ್ಲಿನ ಡಾಕ್ಟರು, ಇನ್ನು ತಡ ಮಾಡಬೇಡಿ, ಬೆಳಗಾವಿಗೆ ಹೋಗಿ ಪಿತ್ತಕೋಶ ತೆಗೆಸಿರಿ ಎಂದರು.

ಹೊಟ್ಟೆ ಕೊಯ್ಯುವ ಕಾಲ ಹೋಯಿತು. ಈಗ ಹೊಟ್ಟೆಯೊಳಗೆ ಗ್ಯಾಸ್ ತುಂಬಿ ಉಬ್ಬಿಸಿ, ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಸಲಕರಣೆ ಇಳಿಸಿ ಪಿತ್ತಕೋಶವನ್ನು ಹೊರಗೆ ಎಳೆಯುತ್ತಾರೆ. ನಮ್ಮ ಕಡೆ ಜನ ಇದಕ್ಕೆ ದುರ್ಬೀನ್ ಆಪರೇಷನ್ ಎನ್ನುತ್ತಾರೆ. ಆ ಆಸ್ಪತ್ರೆಯಲ್ಲಿ ಇದರ ಮೇಲೊಂದು ಸಂಶೋಧನೆಯೂ ನಡೆದಿತ್ತು. ಗ್ಯಾಸಿನ ಒತ್ತಡ ಕಡಿಮೆ ಇಟ್ಟರೆ ಆಮೇಲೆ ಬರುವ ಭುಜದ ನೋವು ಕಡಿಮೆಯಾಗುತ್ತದೆಯೇ, ರೋಗಿ ಬೇಗ ಎದ್ದು ಓಡಾಡುತ್ತಾರೆಯೇ ಎಂದು ನೋಡುವುದು. ಅದಕ್ಕೆ ಒಪ್ಪಿಗೆ ಕೇಳಲು ಬಂದವಳು ಡಾಕ್ಟರ್ ಪ್ರಾಜಕ್ತಾ, ಜಾಂಬೋಟಿ ಕಡೆಯ ಹುಡುಗಿ. ಕೈಯಲ್ಲಿ ಆರು ಹಾಳೆಯ ಫಾರ್ಮು. ಅವಳು ಮರಾಠಿಯಲ್ಲಿ ಶುರು ಮಾಡಿ, ಅವ್ವನ ಮುಖ ನೋಡಿ, ಕನ್ನಡಕ್ಕೆ ಬಂದಳು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಹೆಬ್ಬೆಟ್ಟು ಬೇಡವೆಂದು ಸಹಿಯನ್ನೇ ಮಾಡಿದಳು.

ಸುದ್ದಿ ಫೋನಿನಲ್ಲಿ ಬೀಡಿ ಮುಟ್ಟಿತು. ದೊಡ್ಡವ್ವ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಏನ ಬೇ, ನಿಮ್ಮವ್ವನ ಹೊಟ್ಟಿ ಅಂದ್ರ ಸೈಕಲ್ ಟ್ಯೂಬ್ ಅಂತ ತಿಳದಾರೇನ? ಗಾಳಿ ಹೊಡದು ನೋಡ್ತಾರಂತ! ನೀ ಕಲ್ತಾಕಿ, ಮಗ್ಗಲದಾಗ ನಿಂತು ಸೈ ಮಾಡಿಸ್ತಿ!"

ಅದೇ ದೊಡ್ಡವ್ವ ಮರುದಿನ, "ನಾಕ ತೂತಿಗೆ ಅಂಜೂದೇನು? ಕಿವಿ ಚುಚ್ಚಿಸಿದಂಗ" ಎಂದಳು. ನಮ್ಮ ಜನ ಎರಡು ಮಾತನ್ನೂ ಒಂದೇ ಬಾಯಲ್ಲಿ ಆಡಬಲ್ಲರು. ಸಂಶೋಧನೆ ಎಂದರೆ ನಮ್ಮನ್ನು ಇಲಿ ಮಾಡುವ ಮೋಸ, ಸಣ್ಣ ತೂತು ಎಂದರೆ ಆಪರೇಷನ್ನೇ ಅಲ್ಲ. ಬಂದ ನೆಂಟರೆಲ್ಲ ಈ ಎರಡರಲ್ಲಿ ಒಂದನ್ನು ಹೇಳಿ ಎಳನೀರು ಇಟ್ಟು ಹೋದರು. ಫಾರ್ಮನ್ನು ಪೂರ್ತಿ ಓದಿದವರು ಯಾರೂ ಇಲ್ಲ. ನಾನೂ ಮೂರನೆಯ ಹಾಳೆಗೆ ನಿಲ್ಲಿಸಿದ್ದೆ.

ಮಂಗಳವಾರ ಬೆಳಿಗ್ಗೆ ದೊಡ್ಡವ್ವ ಮೊದಲ ಬಸ್ಸು ಹಿಡಿದು, ಖಾನಾಪುರದಲ್ಲಿ ಬಸ್ಸು ಬದಲಿಸಿ, ಏಳೂವರೆಗೆಲ್ಲ ವಾರ್ಡಿನಲ್ಲಿದ್ದಳು. ಸೋಮವಾರ ಸಂಜೆ ನಮ್ಮ ಪ್ರಾರ್ಥನಾ ಬಳಗದಲ್ಲಿ ಅವ್ವನ ಹೆಸರಿನಲ್ಲಿ ಪೂಜೆ ಮಾಡಿಸಿದ್ದಳು. ಸೆರಗಿನೊಳಗಿಂದ ಸ್ಟೀಲ್ ಡಬ್ಬಿ ತೆಗೆದಳು.

"ದೊಡ್ಡವ್ವಾ, ಏನೂ ಕೊಡಬಾರದಂತ ಹೇಳ್ಯಾರ" ಎಂದೆ.

"ಊಟ ಕೊಡಬ್ಯಾಡಂದಾರ. ಇದು ಪ್ರಸಾದ."

ಪ್ರಸಾದ ಊಟವಲ್ಲ. ಇದು ನಿಮಗೆಲ್ಲ ಗೊತ್ತಿರುವ ಮಾತು. ಉಪವಾಸವಿದ್ದವರೂ ಪ್ರಸಾದಕ್ಕೆ ಕೈ ಒಡ್ಡುತ್ತಾರೆ, ಉಪವಾಸ ಮುರಿಯುವುದಿಲ್ಲ. ಈ ಮಾತು ಕೇಳಿ ಬೆಳೆದವಳು ನಾನು. ನನ್ನ ಪದವಿ, ನನ್ನ ಪಾಠ, ಕಪ್ಪುಹಲಗೆಯ ಮೇಲೆ ನಾನು ಬಿಡಿಸುವ ಜಠರದ ಚಿತ್ರ, ಯಾವುದೂ ಬಾಯಿ ತೆರೆಯಲಿಲ್ಲ. ಪರದೆ ಎಳೆದೆ, ಚಮಚ ಹಿಡಿದೆ. ಒಂದೇ ಚಮಚ ಎಂದುಕೊಂಡೆವು. ಆದರೆ ಪ್ರಸಾದ ಉಳಿಸಬಾರದು, ಚೆಲ್ಲಬಾರದು. ಹೀಗಾಗಿ ಡಬ್ಬಿ ಖಾಲಿಯಾಯಿತು. ಅವ್ವ ಡಬ್ಬಿಗೆ ನೀರು ಹಾಕಿ ಬಳಿದು ಅದನ್ನೂ ಕುಡಿದಳು.

ಒಂಬತ್ತಕ್ಕೆ ನರ್ಸ್ ಬಂದು ಕೇಳಿದಳು: "ಅವ್ವಾರ, ಏನರೆ ತಿಂದೀರೇನ್ರಿ?"

"ಇಲ್ಲವ್ವಾ" ಎಂದಳು ಅವ್ವ. ಸುಳ್ಳು ಹೇಳುವಾಗ ಅವ್ವನ ರೆಪ್ಪೆ ಬಡಿಯುತ್ತದೆ. ಆಗ ಬಡಿಯಲಿಲ್ಲ.

ಅರಿವಳಿಕೆ ಕೊಡುವ ಡಾಕ್ಟರು ಬಂದು ಅದನ್ನೇ ಕೇಳಿದರು. ಈ ಸಲ ದೊಡ್ಡವ್ವ ಮುಂದೆ ಬಂದಳು: "ಒಂದ ಅಗಳ ಸೈತ ಮುಟ್ಟಿಲ್ರಿ ಸರ. ಉಪಾಸ ಅದಾಳ." ಅವರು ಗುರುತು ಹಾಕಿಕೊಂಡು ಹೋದರು. ದೊಡ್ಡವ್ವ ನನ್ನ ಕಡೆ ನೋಡಿ, ಪರೀಕ್ಷೆ ಪಾಸಾದವಳ ಹಾಗೆ ಹುಬ್ಬು ಹಾರಿಸಿದಳು.

ಹತ್ತಕ್ಕೆ ಅವ್ವನನ್ನು ಗಾಲಿಮಂಚದ ಮೇಲೆ ಆಪರೇಷನ್ ಕೋಣೆಯ ಬಾಗಿಲಿಗೆ ತಂದರು. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಅಂಗೈಗೆ ಕಟ್ಟಲು ಒಪ್ಪಿದ್ದರು. ನಾನು ಗೋಡೆಗೆ ಒರಗಿ ಬಸವತಂದೆಯನ್ನು ಬೇಡಿಕೊಳ್ಳುತ್ತಿದ್ದೆ: ಏನೂ ಅಡ್ಡಿ ಬಾರದಿರಲಿ, ಇವತ್ತೇ ಮುಗಿದುಹೋಗಲಿ, ಇನ್ನೊಂದು ತಾರೀಖಿಗೆ ಕಾಯುವ ಶಕ್ತಿ ನನಗಿಲ್ಲ.

ಅಡ್ಡಿ ಫಾರ್ಮು ಹಿಡಿದುಕೊಂಡು ಬಂತು. "ಆಯೀ, ಸ್ಟಡಿದು ಎರಡ ಪ್ರಶ್ನೆ ಉಳದಾವ್ರಿ" ಎಂದಳು ಪ್ರಾಜಕ್ತಾ. ನನಗೆ ರೇಗಿತು. ಮುದುಕಿಯೊಬ್ಬಳನ್ನು ಬಾಗಿಲಲ್ಲಿ ಮಲಗಿಸಿ ಇನ್ನೂ ಖಾನೆ ತುಂಬುವ ಕೆಲಸವೇ ಎನಿಸಿತು. ಹೆಸರು, ವಯಸ್ಸು, ಕಡೆಯ ಊಟ ಯಾವಾಗ ಎಂದು ಕೇಳಿದಳು. ಅವ್ವ ರಾತ್ರಿ ಒಂಬತ್ತು ಎಂದಳು. ಹುಡುಗಿ ಬರೆದುಕೊಂಡಳು. ಆಮೇಲೆ ಪೆನ್ನನ್ನು ಎತ್ತಿ, ಫಾರ್ಮಿನ ಕಡೆ ನೋಡದೆ, ಅವ್ವನ ಮುಖ ನೋಡುತ್ತ ಕೇಳಿದಳು:

"ಊಟದ್ದ ಆತ್ರಿ ಆಯಿ. ಪ್ರಸಾದ, ತೀರ್ಥ ಏನರೆ ತಗೊಂಡೀರೇನು? ನಮ್ಮ ಅಜ್ಜಿನೂ ಅದನ್ನ ಲೆಕ್ಕದಾಗ ಹಿಡಿಯೂದಿಲ್ಲ, ಅದಕ್ಕ ಕೇಳ್ತೀನಿ."

"ಇಲ್ರಿ ಡಾಕ್ಟರ್" ಎಂದೆ ನಾನು. ಯೋಚಿಸದೆ ಅಂದದ್ದಲ್ಲ. ಯೋಚಿಸಿಯೇ ಅಂದೆ.

ಅವ್ವ ದಿಂಬಿನಿಂದ ತಲೆ ಎತ್ತಿದಳು. "ಯಾಕ ಇಲ್ಲ ಅಂತಿ? ತಗೊಂಡೀನ್ರಿ ಬಾಯಾರ. ಹುಗ್ಗಿ. ಒಂದ ಡಬ್ಬಿ. ಎಂಟ ಗಂಟೇಕ."

ಹುಡುಗಿ ಬಾಗಿಲು ತಳ್ಳಿ ಒಳಗೆ ಓಡಿದಳು. ಅರಿವಳಿಕೆಯ ಡಾಕ್ಟರು ಹೊರಗೆ ಬಂದು ಕಾಗದ ನೋಡಿ ನನ್ನನ್ನು ಕೇಳಿದರು: "ಮಗಳು ಟೀಚರ್ ಅಂತ ಬರದೀರಿ. ಏನ ಕಲಸ್ತೀರಿ?"

"ವಿಜ್ಞಾನ."

"ಭಾಳ ಚಲೋ ಆತು" ಎಂದು ಅವರು ಒಳಗೆ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಅವ್ವನನ್ನು ವಾರ್ಡಿಗೆ ವಾಪಸ್ಸು ತಂದರು. ದೊಡ್ಡವ್ವ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಕೇಳುವ ಹಾಗೆ, "ನಾಕ ಚಮಚ ಹುಗ್ಗಿಗೆ ಇಷ್ಟ ರಂಪಾ! ದೇವರಿಗಿಂತ ಇವರ ಕಾಗದ ದೊಡ್ಡದಾತಲ್ಲ" ಎಂದಳು. ನನ್ನ ಸಿಟ್ಟೂ ಆ ಹುಡುಗಿಯ ಮೇಲೇ ಇತ್ತು.

ಹನ್ನೊಂದೂವರೆಗೆ ಅವ್ವನಿಗೆ ನೋವು ಹಿಂಡಿಕೊಂಡು ಬಂತು. ಎದ್ದು ಕೂತಳು, ನನ್ನ ತೋಳು ಹಿಡಿದಳು, ವಾಂತಿ ಮಾಡಿದಳು. ನಾನು ಹಿಡಿದ ಬೋಗುಣಿಗೆ ಬಿದ್ದದ್ದು ಬೆಳಗಿನ ಹುಗ್ಗಿ, ಹಾಗೇ. ಗೋಧಿಯ ಕಾಳುಗಳನ್ನು ಎಣಿಸಬಹುದಿತ್ತು. ಅವ್ವ ಕೆಮ್ಮಿದಳು, ಕ್ಯಾಕರಿಸಿದಳು, ಬಾಯಿ ಒರೆಸಿಕೊಂಡಳು. ಗೋಡೆಯ ಗಡಿಯಾರ ನೋಡಿದೆ. ಈ ಹೊತ್ತಿಗೆ ಅವಳು ಒಳಗೆ ಮಂಚದ ಮೇಲೆ ಇರಬೇಕಿತ್ತು, ಅಲುಗಾಡದ ಹಾಗೆ ಮಲಗಿಸಿ, ಹೊಟ್ಟೆಯ ತುಂಬ ಗ್ಯಾಸ್ ತುಂಬಿ.

ಪ್ರಾಜಕ್ತಾ ಬಂದು ಬೋಗುಣಿ ನೋಡಿದಳು. "ನಿದ್ದಿಗೆ ಔಷಧ ಕೊಟ್ಟ ಮ್ಯಾಲ ಕೆಮ್ಮಾಕ ಬರೂದಿಲ್ರಿ ಅಕ್ಕಾರ" ಎಂದಳು, ಮೆಲ್ಲಗೆ. "ಆಗ ಇದು ಮ್ಯಾಲ ಬಂದ್ರ ಸೀದಾ ಫುಪ್ಪುಸಕ್ಕ ಇಳೀತೈತಿ. ಕಲ್ಲಿನ ಬ್ಯಾನಿ ಇದ್ದವರಿಗೆ ಹೊಟ್ಟಿ ಲಗೂನ ಖಾಲಿ ಆಗೂದಿಲ್ಲ." ಬೋಗುಣಿಯನ್ನು ತಾನೇ ತೆಗೆದುಕೊಂಡು ಹೋದಳು. ಇವತ್ತಿಗೂ ಪಾಠದ ನಡುವೆ ಸೀಮೆಸುಣ್ಣ ಹಿಡಿದ ಕೈ ನಿಂತುಹೋಗುತ್ತದೆ. ಮಕ್ಕಳು, "ಮ್ಯಾಡಂ, ಮುಂದ?" ಎನ್ನುತ್ತಾರೆ. ನನಗೆ ಆ ಕಾಳುಗಳು ಕಾಣುತ್ತಿರುತ್ತವೆ.

ಗುರುವಾರ ಆಪರೇಷನ್ ಆಯಿತು. ಅಂದೇ ಸಂಜೆ ಅವ್ವ ನನ್ನ ಭುಜ ಹಿಡಿದು ಕಿಟಕಿಯವರೆಗೆ ನಡೆದಳು. ಹುಡುಗಿ ಫಾರ್ಮು ಹಿಡಿದು, ಭುಜದ ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದಳು. "ರೂಪಾಯ್ದಾಗ ನಾಕಾಣೆ" ಎಂದಳು ಅವ್ವ. ಹುಡುಗಿ ಬೆರಳು ಮಡಚಿ ಎರಡೂವರೆ ಎಂದು ಬರೆದುಕೊಂಡಳು. ಶನಿವಾರ ಮನೆಗೆ ಕಳಿಸಿದರು.

ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ಅದರ ಮುಂದಿನ ಸೋಮವಾರ. ಬೀಡಿಯ ಪ್ರಾರ್ಥನೆಯಲ್ಲಿ ದೊಡ್ಡವ್ವ ಎದ್ದು ನಿಂತು ಅನುಭವ ಹೇಳಿದಳು. ಮಂಗಳವಾರದ ಗಳಿಗೆ ಕೆಟ್ಟದ್ದಿತ್ತಂತೆ. ತಾನು ಒಯ್ದ ಪ್ರಸಾದವೇ ಆಪರೇಷನ್ ತಡೆದು ತಂಗಿಯ ಜೀವ ಉಳಿಸಿತಂತೆ. ಬೋಗುಣಿಯ ಸುದ್ದಿ ಇಲ್ಲ. "ಒಂದ ಅಗಳ ಸೈತ ಮುಟ್ಟಿಲ್ಲ" ಎಂದ ಸುದ್ದಿ ಇಲ್ಲ. ನೀವೆಲ್ಲ ಕೈ ಮುಗಿದು "ಶರಣು" ಎಂದಿರಿ. ಇಬ್ಬರು ಕಣ್ಣು ಒರೆಸಿಕೊಂಡರು. ಬೆಂಕಿ ಇಟ್ಟವಳೇ ಮನೆ ಬೆಳಗಿದೆನೆಂದು ಹೇಳಿಕೊಂಡಳು, ನಾವು ಆರತಿ ಎತ್ತಿದೆವು. ಇಂಥ ಅನುಭವಗಳನ್ನು ನಾವು ವರ್ಷಗಟ್ಟಲೆ ಕೇಳಿದ್ದೇವೆ. ಡಾಕ್ಟರು ಯಾವಾಗಲೂ ಕೈಬಿಡುತ್ತಾರೆ, ದೇವರು ಯಾವಾಗಲೂ ನಮ್ಮ ತಪ್ಪನ್ನೇ ಉಪಾಯ ಮಾಡಿಕೊಳ್ಳುತ್ತಾನೆ, ನಾವು ಯಾವಾಗಲೂ ಜಾಣರು. ದೇವರನ್ನು ನಮ್ಮ ವಕೀಲನನ್ನಾಗಿ ಇಟ್ಟುಕೊಂಡಿದ್ದೇವೆ. ಅವತ್ತು ನಾನೂ ಕೈ ಮುಗಿದೆ. ಎದ್ದು ನಿಲ್ಲುವ ಧೈರ್ಯ ಬರಲಿಲ್ಲ, ಅದಕ್ಕೇ ಈ ಕಾಗದ. ಇದನ್ನು ದೊಡ್ಡವ್ವನ ಮುಂದೆಯೇ ಓದಿರಿ.

ಹಾಗಾದರೆ ಕೃಪೆ ಎಲ್ಲಿ ಎಂದು ಕೇಳುತ್ತೀರಿ. ಮನೆಗೆ ಬಂದು ಅವ್ವನನ್ನು ಕೇಳಿದೆ: "ನರ್ಸ್‌ಗೆ ಇಲ್ಲಂದಿ. ದೊಡ್ಡವ್ವ ಸುಳ್ಳ ಹೇಳೂಮುಂದ ಸುಮ್ಮನ ಕುಂತಿ. ಆ ಹುಡುಗಿ ಮುಂದ ಯಾಕ ಹೇಳಿದಿ?"

ಅವ್ವ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡಿದ ಹಾಗೆ ನೋಡಿದಳು. "ಅವರು ತಿಂದೀರೇನು ಅಂತ ಕೇಳಿದ್ರು. ನಾ ತಿಂದಿರಲಿಲ್ಲ. ಆಕಿ ಪ್ರಸಾದ ಅಂತ ಹೆಸರ ಹಿಡದು ಕೇಳಿದ್ಲು. ಲಿಂಗ ಕೈಯಾಗ ಇಟಗೊಂಡು, ನೀ ಕೊಟ್ಟಿದ್ದ ನಾ ತಗೊಂಡಿಲ್ಲ ಅಂತ ದೇವರಿಗೆ ಹೆಂಗ ಹೇಳ್ಲಿ? ನಿನ್ನಂಗ ನಾ ಕಲ್ತಿಲ್ಲವಾ."

ಏನೂ ಅಡ್ಡಿ ಬಾರದಿರಲಿ ಎಂದು ನಾನು ಬೇಡಿದ್ದೆ. ಬಸವತಂದೆ ಆ ಬೇಡಿಕೆಯನ್ನು ತಳ್ಳಿಹಾಕಿ, ಕೇಳಬೇಕಾದ ಪ್ರಶ್ನೆಯನ್ನು ಕೇಳಬಲ್ಲವಳ ಬಾಯಲ್ಲಿ ಇಟ್ಟು ಬಾಗಿಲಿಗೆ ಕಳಿಸಿದ. ಉತ್ತರವನ್ನು ನನ್ನ ಕೈಗೆ ಕೊಡಲಿಲ್ಲ, ಕೊಟ್ಟಿದ್ದರೆ ಅವ್ವ ಇರುತ್ತಿರಲಿಲ್ಲ. ಆ ಹುಡುಗಿಗೆ ಶರಣು. ಸುಳ್ಳಾಡಿದ ಮಗಳ ಮಾತನ್ನು ದಾಟಿ ತಲೆ ಎತ್ತಿದ ನನ್ನ ಅವ್ವನಿಗೆ ಶರಣು. ಅವಳು ಈಗ ಪಡಸಾಲೆಯಲ್ಲಿ ಕೂತು, ಒಬ್ಬಳೇ, ಬಲಪಕ್ಕೆ ಹಿಡಿದುಕೊಳ್ಳದೆ ಊಟ ಮಾಡುತ್ತಿದ್ದಾಳೆ.