ಪಂಚಮಿಗೆ ಕರೆತಂದ ಗೊಂಬೆ

ಸುಧಾಕಾಕು ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಇದನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಪುಣೆ ಪಕ್ಕದ ಚಿಂಚವಾಡದ ಕಾರ್ಖಾನೆ ಕಾಲೊನಿಯಲ್ಲಿ ಅವರದು ನಮ್ಮ ಎದುರಿನ ಮನೆ; ಮರಾಠಿ ರೂಢಿಯಂತೆ ನಾವು ಮಕ್ಕಳೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಒಮ್ಮೆ ತರಕಾರಿಯವನೊಬ್ಬ ಕಣ್ತಪ್ಪಿಸಿ ಅವರ ಚೀಲಕ್ಕೆ ಹುಳುಕು ಬದನೆಕಾಯಿ ಹಾಕಿದ. ಅವನು ಆ ಕಾಲೊನಿಯನ್ನೇ ಬಿಟ್ಟುಹೋಗುವ ತನಕ ಕಾಕು ದಿನಾ ಅವನ ಗಾಡಿಯ ಮುಂದೆ ನಿಂತು, ಒಂದೊಂದು ಕಾಯನ್ನೂ ಎತ್ತಿ ನೋಡಿ, ಚೆನ್ನಾಗಿದೆ ಎಂದು ಹೊಗಳಿ, ಪಕ್ಕದ ಗಾಡಿಯಲ್ಲಿ ಕೊಳ್ಳುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. "ಸಿಟ್ಟು ಆರಸಬಾರ್ದು ನೋಡವಾ, ಸಣ್ಣ ಉರಿ ಮ್ಯಾಲೆ ಇಡಬೇಕು" ಎನ್ನುತ್ತಿದ್ದರು.

ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವರು. ಹೊಸ್ತಿಲಾಚೆ ಮರಾಠಿ, ಹೊಸ್ತಿಲೊಳಗೆ ಅಪ್ಪಟ ಧಾರವಾಡದ ಮಾತು. ಸಂಜೆ ನಮ್ಮನ್ನೆಲ್ಲ ಸ್ಟೇಷನ್ನಿನ ಸೇತುವೆಯ ಮೇಲೆ ನಿಲ್ಲಿಸಿ ಲೋಕಲ್ ಗಾಡಿ ತೋರಿಸುತ್ತಿದ್ದರು. ಕೆಳಗಿಳಿದರೆ ಬಿಸಿ ಬಟಾಟೆವಡೆ, ಬೇಸಿಗೆಯಾದರೆ ಕಬ್ಬಿನ ಹಾಲು. ಗುರುತಿಲ್ಲದ ಜನರಿಗೆ ಆ ಸೇತುವೆಯಿಂದ ಕೈಬೀಸಿದ ಸುಖ ಆಮೇಲೆ ಯಾವ ಮಾಲಿನಲ್ಲೂ ನನಗೆ ಸಿಕ್ಕಿಲ್ಲ. ನನಗೊಂದು ಬಟ್ಟೆಯ ಗೊಂಬೆ ಹೊಲಿದುಕೊಟ್ಟವರೂ ಅವರೇ. ಕರಿಮಣಿಯ ಕಣ್ಣು, ಉಣ್ಣೆಯ ಜಡೆ, ಉಡಲು ಹಳೆಯ ಇಳಕಲ್ ಸೀರೆಯ ತುಂಡು. ನಾನು ಅವಳಿಗೆ ಗಂಗಾ ಎಂದು ಹೆಸರಿಟ್ಟಿದ್ದೆ.

ಒಂದು ಮೇ ರಜೆಯಲ್ಲಿ ಗಂಗಾಳಿಗೂ ಮೇಲಿನ ಮಹಡಿಯ ಪ್ರಾಜಕ್ತಾಳ ಪ್ಲಾಸ್ಟಿಕ್ ಗಂಡುಗೊಂಬೆಗೂ ಮೆಟ್ಟಿಲ ಮೇಲೆ ಮದುವೆ ಮಾಡಿದೆವು. ಅಂತರಪಟಕ್ಕೆ ಕರವಸ್ತ್ರ, ಊಟಕ್ಕೆ ಚುರುಮುರಿ. ಸೊಸೆಯನ್ನು ಮೇಲಕ್ಕೆ ಒಯ್ದರು. ಸಂಜೆ ಆಟ ಮುಗಿಯಿತೆಂದು ನನ್ನ ಗೊಂಬೆ ತರಲು ಹೋದರೆ ಪ್ರಾಜಕ್ತಾಳ ತಾಯಿ ಸುಲಭಾತಾಯಿ ಬಾಗಿಲಲ್ಲೇ ನಕ್ಕಳು. "ಲಗ್ನ ಝಾಲಂ ನಾ? ಆತಾ ತೀ ಆಮಚೀ." ಮದುವೆಯಾಯಿತಲ್ಲ, ಇನ್ನು ಅವಳು ನಮ್ಮವಳು ಅಂತೆ. ಒಳಗೆ ಗಾಜಿನ ಶೋಕೇಸಿನಲ್ಲಿ ಪಿಂಗಾಣಿ ಕಪ್ಪುಗಳ ನಡುವೆ ಗಂಗಾ ಆಗಲೇ ಕೂತಿದ್ದಳು. ಆ ಹೆಂಗಸಿಗೆ ನಾನು ಇವತ್ತಿಗೂ 'ಅವರು' ಎನ್ನುವುದಿಲ್ಲ. ನನ್ನ ಅಮ್ಮನಿಗೂ ಇದೆಲ್ಲ ತಮಾಷೆಯಾಗಿತ್ತು, ಇನ್ನೊಂದು ಹೊಲಿಸಿಕೊಂಡರಾಯಿತು ಎಂದಳು. ಕಾಕು ಮಾತ್ರ ನಗಲಿಲ್ಲ. ನನ್ನ ಕಣ್ಣು ಒರೆಸಿ, "ಶ್ರಾವಣ ಬರ್ಲಿ, ತಡಿ" ಎಂದರು.

ನಮ್ಮ ಕಡೆ ನಾಗಪಂಚಮಿಗೆ ಮದುವೆಯಾದ ಮಗಳನ್ನು ತವರಿಗೆ ಕರೆತರುತ್ತಾರೆ. ಕರೆಯಲು ಬಂದವರನ್ನು ಬರಿಗೈಯಲ್ಲಿ ಕಳಿಸುವ ಅತ್ತೆಯನ್ನು ಊರೇ ಆಡಿಕೊಳ್ಳುತ್ತದೆ. ಮರಾಠಿಯವರಲ್ಲೂ ಇದೇ ಪದ್ಧತಿ. ಕಾಕು ಅದಕ್ಕೇ ಕಾದಿದ್ದರು. ಶ್ರಾವಣದ ಮೊದಲ ಶುಕ್ರವಾರ ಸುಲಭಾತಾಯಿಯ ಮನೆಯಲ್ಲಿ ಅರಿಷಿಣ-ಕುಂಕುಮಕ್ಕೆ ಕಾಲೊನಿಯ ಹೆಂಗಸರೆಲ್ಲ ಸೇರಿದ್ದಾಗ, ರೇಷ್ಮೆ ಸೀರೆ ಉಟ್ಟು, ಡಬ್ಬಿಯ ತುಂಬ ಎಳ್ಳುಂಡಿ, ಶೇಂಗಾ ಉಂಡಿ ಹೊತ್ತು, ನನ್ನ ಕೈ ಹಿಡಿದು ಮೇಲೆ ಹತ್ತಿದರು. ಮಗಳನ್ನು ಪಂಚಮಿಗೆ ಕರೆಯಲು ಬಂದಿದ್ದೇವೆ ಎಂದು ಒಳ್ಳೆಯ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಸುಲಭಾತಾಯಿ ಶೋಕೇಸಿನ ಬೀಗ ತೆಗೆದು, ಗೊಂಬೆಗೆ ಕುಂಕುಮವಿಟ್ಟು, ಮೇಲೊಂದು ಕುಪ್ಪಸದ ಖಣವನ್ನೂ ಉಡಿಗೆ ಹಾಕಿ ಕಳಿಸಬೇಕಾಯಿತು. ಅವಳ ಮುಖ ನೆನೆದರೆ ಈಗಲೂ ನನಗೆ ಹೊಟ್ಟೆ ತಣ್ಣಗಾಗುತ್ತದೆ.

ಗಂಗಾ ತಿರುಗಿ ಹೋಗಲಿಲ್ಲ. ಪ್ರಾಜಕ್ತಾ ಕೇಳಲು ಬಂದಾಗ ಕಾಕು ಒಮ್ಮೆ ಹುಡುಗಿಗೆ ಜ್ವರ ಎಂದರು, ಒಮ್ಮೆ ದಿನ ಚೆನ್ನಾಗಿಲ್ಲ ಎಂದರು. ಗಣಪತಿ ಹಬ್ಬ ಮುಗಿದ ಮೇಲೆ ಸುಲಭಾತಾಯಿ ತಾನೇ ಕೆಳಗೆ ಬಂದಳು. ಕಾಕು ಮೆಂತ್ಯ ಸೊಪ್ಪು ಬಿಡಿಸುತ್ತಲೇ, ನಮ್ಮ ಹುಡುಗಿಗೆ ನಿಮ್ಮ ಮನೆ ಒಗ್ಗಲಿಲ್ಲ ಎಂದು ಹೇಳಿ ಕಳಿಸಿದರು.

ಇಷ್ಟು ಹಟ ಯಾಕೆ ಎಂದು ಅಮ್ಮ ಕೇಳಿದಾಗ ಕಾಕು ಹೇಳಿದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಅವರ ಮದುವೆಯ ಮೊದಲ ಶ್ರಾವಣದಲ್ಲಿ ಅಣ್ಣ ಧಾರವಾಡದಿಂದ ಉಂಡಿಯ ಡಬ್ಬಿ ಹಿಡಿದು ಕರೆಯಲು ಬಂದಿದ್ದನಂತೆ. ಅವ್ವನಿಗೆ ಮೈ ಸರಿಯಿಲ್ಲ, ನೋಡಬೇಕಂತೆ ಎಂದೂ ಹೇಳಿದ್ದ. ಅತ್ತೆ ಒಳಗಿನಿಂದಲೇ ಬೇಡವೆಂದಳು. ನಾದಿನಿ ಸರಸಕ್ಕ ಅವನ ಮುಖಕ್ಕೇ ಬಾಗಿಲು ಹಾಕಿದಳು. ದೀಪಾವಳಿಗೆ ಮೊದಲೇ ಅವ್ವ ತೀರಿಕೊಂಡಳು. ಗಂಗಾ ಉಟ್ಟದ್ದು ಆ ಅವ್ವನ ಸೀರೆ. ಸುಲಭಾತಾಯಿ ಆ ಅತ್ತೆಯ ಪಾಲಿನದನ್ನೂ ಸೇರಿಸಿ ಅನುಭವಿಸಿದಳು ಎನ್ನಬಹುದು. ಅದಕ್ಕೆ ನನಗೇನೂ ಬೇಸರವಿಲ್ಲ.

ಕಾಕುವನ್ನು ನಾನು ಕೊನೆಯ ಸಲ ಕಂಡದ್ದು ಹೋದ ವರ್ಷ, ವಿಮಾನ ನಗರದ ಅವರ ಮಗನ ಮನೆಯಲ್ಲಿ. ಅವತ್ತೇ ಸರಸಕ್ಕ ಬಂದಿದ್ದರು. ಬೆನ್ನು ಬಾಗಿತ್ತು. "ನಮ್ಮವ್ವ ಹೇಳಿದ್ಲು, ನಾ ಬಾಗಲಾ ಹಾಕಿದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡ ಸುಧಾ" ಎಂದು ಅತ್ತರು. ಮಗ, ಸೊಸೆ ಇಬ್ಬರೂ ಕಾಕುವಿನ ಮುಖ ನೋಡಿದರು. ಕಾಕು ಚಹಾ ಕೊಟ್ಟರು, ಕುಂಕುಮ ಹಚ್ಚಿದರು, ಉಡಿ ತುಂಬಿದರು, ಲಿಫ್ಟಿನ ತನಕ ಹೋಗಿ ಕಳಿಸಿ ಬಂದರು. ಕೇಳಿದ ಒಂದು ಮಾತನ್ನು ಮಾತ್ರ ಕೊಡಲಿಲ್ಲ. ಹೋಗಲಿ ಬಿಡು ಅನ್ನಬೇಕಿತ್ತು ಎಂದು ಮಗ ಗೊಣಗಿದ. ಕಾಕು ನನ್ನ ಕಡೆ ತಿರುಗಿದರು.

"ಎಲ್ಲಾರೂ ಅಕಿ ಕಡೆ ಆದ್ರು. ನಾನೂ ಹೋದ್ರ, ನಮ್ಮವ್ವನ ಕಡೆ ಯಾರು ಉಳದ್ರು?"

ಆ ಚಳಿಗಾಲದಲ್ಲೇ ಕಾಕು ಹೋದರು. ನಾನು ಮನೆಯವರನ್ನು ಮಾತಾಡಿಸಲು ಹೋದಾಗ ಸರಸಕ್ಕ ಗೋಡೆಗೊರಗಿ ಕೂತಿದ್ದರು. ನನ್ನ ಕೈ ಹಿಡಿದು, "ಕಡೀಕ ನನ್ನ ಸುದ್ದಿ ಏನರ ಅಂದ್ಲೇನವಾ? ಸಿಟ್ಟಿಲ್ಲ ಅಂತ?" ಎಂದು ಕೇಳಿದರು. ಹೂಂ ಅನ್ನು ಎಂದು ಕಾಕುವಿನ ಮಗ ಕಣ್ಣಲ್ಲೇ ಸನ್ನೆ ಮಾಡಿದ. ಒಂದು ಸಣ್ಣ ಸುಳ್ಳಿನಿಂದ ಆ ಮುದುಕಿಗೆ ನೆಮ್ಮದಿಯಾಗುತ್ತಿತ್ತು.

"ಇಲ್ರಿ, ಹಂಗೇನೂ ಅನ್ಲಿಲ್ಲ" ಎಂದು ನನ್ನ ಕೈ ಬಿಡಿಸಿಕೊಂಡೆ.